ಹೊಸ್ತಿಲಾಚೆಯ ಹಾಜರಿ

ನಾನು ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ ಹಾರೂಗೇರಿಯ ಪತ್ತಿನ ಸಂಘದಲ್ಲಿ ಹಾಜರಿ ಪುಸ್ತಕಗಳು ಎರಡಿದ್ದವು. ಒಂದು ಕೆಂಪು ಬಟ್ಟೆಯ ರಟ್ಟಿನದು, ಸೆಕ್ರೆಟರಿಯವರ ಟೇಬಲ್ಲಿನ ಮೇಲೆ. ಇನ್ನೊಂದು ಹೊಸ್ತಿಲಿನ ಹೊರಗೆ ಬಿಟ್ಟ ಚಪ್ಪಲಿಗಳದು. ಮೊದಲನೆಯದರಲ್ಲಿ ಹನ್ನೊಂದಕ್ಕೆ ಬಂದವನೂ ಹತ್ತಕ್ಕೆ ಬಂದೆ ಎಂದು ಬರೆದು ಸಹಿ ಎಳೆಯಬಹುದಿತ್ತು. ಎರಡನೆಯದರಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಹಿಮ್ಮಡಿ ಒಂದೇ ಕಡೆ ಸವೆದ ಹವಾಯಿ ಕಂಡರೆ ಕ್ಯಾಶಿಯರ್ ಬಂದಾಯಿತು. ಪಟ್ಟಿ ಕಿತ್ತು ಪಿನ್ನು ಚುಚ್ಚಿಕೊಂಡಿದ್ದರೆ ಸಿಪಾಯಿ. ಎಣ್ಣೆ ಕುಡಿದು ಕಪ್ಪಗಾದ ಅಥಣಿ ಚಪ್ಪಲಿ ಗೋಡೆಗೆ ಒತ್ತಿ ನೀಟಾಗಿ ನಿಂತಿದ್ದರೆ ಡೈರೆಕ್ಟರರೊಬ್ಬರು ಒಳಗೆ ಚಹಾ ಕುಡಿಯುತ್ತಿದ್ದಾರೆ, ಅಂಗಿಯ ಗುಂಡಿ ಹಾಕಿಕೊಂಡೇ ಒಳಗೆ ಹೋಗಬೇಕು.

ಈ ಪುಸ್ತಕವನ್ನು ನಮಗಿಂತ ಚೆನ್ನಾಗಿ ಓದುತ್ತಿದ್ದವರು ಸಾಲ ಬಾಕಿಯಿದ್ದವರು. ವಸೂಲಿಯವನ ಚಪ್ಪಲಿ ಕಂಡರೆ ಮೆಟ್ಟಿಲಿನಿಂದಲೇ ತಿರುಗಿ, ಎದುರಿನ ಕಿರಾಣಿ ಅಂಗಡಿಯಲ್ಲಿ ಬೇಡದ ಬೆಲ್ಲದ ದರ ಕೇಳುತ್ತ ನಿಲ್ಲುತ್ತಿದ್ದರು. ಇದನ್ನು ತಿಳಿದ ವಸೂಲಿಯವನು ಒಂದು ಮಾರ್ಚಿನಲ್ಲಿ ತನ್ನ ಚಪ್ಪಲಿಯನ್ನು ಹಿಂಬಾಗಿಲಲ್ಲಿ ಬಿಡತೊಡಗಿದ. ಆ ವರ್ಷ ನಮ್ಮ ವಸೂಲಿ ಬಹಳ ಚೆನ್ನಾಗಿ ಆಯಿತು. ವಾರ್ಷಿಕ ವರದಿಯಲ್ಲಿ ಅದಕ್ಕೆ ಬೇರೆ ಕಾರಣ ಬರೆದೆವು.

1988ರಲ್ಲಿ ನಾನು ಸೇರಿದಾಗ ಬಾಗಿಲಲ್ಲಿ ಯಾವ ಬೋರ್ಡೂ ಇರಲಿಲ್ಲ. ಬಾಡಿಗೆಯ ಎರಡು ಖೋಲಿ, ನೆಲಕ್ಕೆ ಶಹಾಬಾದ್ ಫರಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿದ ಗಾದಿ, ಗಾದಿಯ ಮೇಲೆ ಇಳಿಜಾರು ಡೆಸ್ಕು. ಗಾದಿಯ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ಹತ್ತುವುದಿಲ್ಲ, ಅದಕ್ಕೆ ಬೋರ್ಡು ಬೇಕೆ? ನಮ್ಮ ಭಾಗದ ಬಟ್ಟೆ ಅಂಗಡಿ, ಬಂಗಾರದ ಅಂಗಡಿಗಳಲ್ಲೂ ಹಾಗೇ ಇತ್ತು. ಇನ್ನೊಂದು ಕಾರಣ ಎರೆಮಣ್ಣು. ಮಳೆಗಾಲದಲ್ಲಿ ನಮ್ಮ ಹೊಲದಿಂದ ಬಂದವನ ಚಪ್ಪಲಿಗೆ ಅರ್ಧ ಕಿಲೋ ಭೂಮಿ ಅಂಟಿಕೊಂಡಿರುತ್ತದೆ. ಅಂಥವನು ಒಳಗೆ ಬಂದು ಹೋದರೆ ಫರಸಿಯ ಮೇಲೆ ಅರಿಶಿನ ಬಿತ್ತಬಹುದು.

ಬರಿಗಾಲಿನಲ್ಲಿ ಕೆಲಸ ಮಾಡುವ ಸುಖವನ್ನು ಮಾಡಿದವನೇ ಬಲ್ಲ. ಏಪ್ರಿಲ್ ತಿಂಗಳಲ್ಲಿ ಹೊರಗೆ ಡಾಂಬರು ಕರಗುತ್ತಿರುವಾಗ, ಡೆಸ್ಕಿನ ಕೆಳಗೆ ಕಾಲು ಚಾಚಿ ಅಂಗಾಲನ್ನು ಫರಸಿಗೆ ಒತ್ತಿ ಕೂತರೆ ಬಡ್ಡಿ ಲೆಕ್ಕವೂ ತಂಪಾಗಿ ಬರುತ್ತಿತ್ತು. ನಮ್ಮ ಸೆಕ್ರೆಟರಿಯವರಿಗೆ ಯೋಚನೆ ಹತ್ತಿದರೆ ಕಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು. ಬಲಗಾಲಿನದು ಅಲ್ಲಾಡಿದರೆ ಸಾಲ ಮಂಜೂರು, ಎಡಗಾಲಿನದಾದರೆ ಇಲ್ಲ ಎಂದು ನಮ್ಮ ಕ್ಯಾಶಿಯರ್ ಪಂಚಾಂಗ ಮಾಡಿದ್ದ. ಬೂಟಿನೊಳಗಿನ ಮನುಷ್ಯನ ಮನಸ್ಸು ಹೀಗೆ ತಿಳಿಯುವುದಿಲ್ಲ.

ಬೋರ್ಡು ಬಂದದ್ದು ಕಂಪ್ಯೂಟರಿನ ಜೊತೆ. ತೊಂಬತ್ತರ ದಶಕದ ಕೊನೆ. ಹಿಂದಿನ ಖೋಲಿಗೆ ಗಾಜಿನ ಬಾಗಿಲು, ಏಸಿ, ಮಾನಿಟರಿಗೆ ಪ್ಲಾಸ್ಟಿಕ್ ಹೊದಿಕೆ. ಜೋಡಿಸಲು ಬಂದ ಹುಡುಗ, “ಧೂಳು ಹೋದ್ರ ಮಶಿನ್ ಹೋತ್ರಿ” ಎಂದು ಹೆದರಿಸಿ ಹೋದ. ಮರುದಿನವೇ ಪೇಂಟರನನ್ನು ಕರೆಸಿ ‘ಚಪ್ಪಲಿಗಳನ್ನು ಹೊರಗೆ ಬಿಡಿರಿ’ ಎಂದು ಬರೆಸಿದೆವು. ಆ ಕಾಲದಲ್ಲಿ ಶಾಲೆ ಕಾಲೇಜುಗಳ ಕಂಪ್ಯೂಟರ್ ಖೋಲಿಗಳಿಗೆಲ್ಲ ಇದೇ ಮಡಿ. ಗರ್ಭಗುಡಿಯಂತೆ ತಣ್ಣಗೆ, ಮಬ್ಬು ಬೆಳಕು, ಒಳಗೊಂದು ಗುಂಯ್‌ಗುಡುವ ದೇವರು. ಖಂಡೇನವಮಿಗೆ ಅದರ ಹಣೆಗೆ ಕುಂಕುಮ ಹಚ್ಚಿದಾಗ ಸಿಪಾಯಿ ಉದುರಿಸಿದ ಭಂಡಾರ ಕೀಬೋರ್ಡಿನೊಳಗೆ ಹೋಗಿ, ಎಂಟರ ಅಂಕಿ ಒಂದು ತಿಂಗಳು ಬಡಿಯಲಿಲ್ಲ. ಧೂಳನ್ನೆಲ್ಲ ಹೊಸ್ತಿಲಾಚೆ ತಡೆದಿದ್ದೆವು, ಭಕ್ತಿಯನ್ನು ತಡೆಯುವುದಾಗಲಿಲ್ಲ. ಚಿಂಚಲಿ ಮಾಯಕ್ಕನ ಸೀಮೆ, ಭಂಡಾರ ಬೇಡ ಎನ್ನುವ ಧೈರ್ಯ ಯಾರಿಗಿದೆ?

ಆದರೆ ಬೋರ್ಡು ಬಂದ ಮೇಲೆ ಒಂದು ಹೊಸ ಸಂಗತಿ ಕಂಡಿತು. ಬೋರ್ಡಿಲ್ಲದಾಗ ಎಲ್ಲರೂ ಬಿಡುತ್ತಿದ್ದರು. ಬೋರ್ಡು ಬಂದ ಮೇಲೆ ಕೆಲವರು ಬಿಡುವುದನ್ನು ನಿಲ್ಲಿಸಿದರು. ನಿಯಮ ಬರೆದಾಗಲೇ ಅದನ್ನು ಮೀರುವವರ ದರ್ಜೆಯೂ ಹುಟ್ಟಿತು. ಅಧ್ಯಕ್ಷರು ಕಂಪ್ಯೂಟರ್ ಖೋಲಿಗೂ ಮೆಟ್ಟಿಕೊಂಡೇ ಬಂದರು. ಅವರ ಹಿಂದೆ ಬಂದವನು ಅವರ ಕಾಲು ನೋಡಿ, ಬೋರ್ಡು ನೋಡಿ, ತನ್ನದನ್ನು ಅರ್ಧ ಬಿಚ್ಚಿ, ಮತ್ತೆ ಹಾಕಿಕೊಂಡ. ಆ ಅರ್ಧ ಬಿಚ್ಚಿದ ಚಪ್ಪಲಿಯಲ್ಲಿ ಸಹಕಾರ ಚಳವಳಿಯ ಇತಿಹಾಸ ಬಹಳಷ್ಟಿದೆ.

ನಂತರದ ಕಥೆ ತಿರುಗಾಮುರುಗಾ. ಸಂಘ ಸ್ವಂತ ಕಟ್ಟಡಕ್ಕೆ ಹೋಯಿತು, ಕನ್ನಡಿಯಂಥ ಟೈಲ್ಸು ಬಂತು, ಬೆಳಗಾವಿಯಲ್ಲಿ ಓದಿದ ತರುಣ ಮ್ಯಾನೇಜರ್ ಬಂದರು. ಇದು ಬ್ಯಾಂಕಿನ ಹಾಗೆ ಕಾಣಬೇಕು ಎಂದರು. ಸುತ್ತೋಲೆ ಹೊರಟಿತು: ಸಿಬ್ಬಂದಿ ಕಪ್ಪು ಬೂಟು, ಕಾಲುಚೀಲ ಧರಿಸತಕ್ಕದ್ದು, ಚಪ್ಪಲಿ ಹಾಗೂ ಬರಿಗಾಲು ನಿಷಿದ್ಧ. ಐವತ್ತು ದಾಟಿದ ನಾವು ಮೂವರು ಒಂದೇ ಗಾಡಿಯಲ್ಲಿ ಹೋಗಿ ಬೂಟು ತಂದೆವು. ನಮ್ಮ ಪಾದಗಳು ಅಷ್ಟೊತ್ತಿಗೆ ಊರಿನ ಗೌಠಾಣದ ಹಾಗೆ ತಮ್ಮಿಷ್ಟದಂತೆ ಹರಡಿಕೊಂಡಿದ್ದವು. ಅವುಗಳನ್ನು ಎಂಟನೇ ನಂಬರಿನೊಳಗೆ ತುರುಕಿದರೆ ಮುಖದ ಮೇಲೆ ಗ್ರಾಹಕರಿಗೆ ಬೇಕಾದ ನಗು ಎಲ್ಲಿಂದ ಬರಬೇಕು? ಕೌಂಟರಿನ ಮರೆಯಲ್ಲಿ ಬೂಟು ಕಳಚಿ ಕೂರುತ್ತಿದ್ದೆವು. ಮ್ಯಾನೇಜರರ ಹೆಜ್ಜೆ ಕೇಳಿದರೆ ಶಾಲೆಯ ಹುಡುಗರಂತೆ ಕಾಲಿನಿಂದಲೇ ಬೂಟು ತಡಕಾಡುತ್ತಿದ್ದೆವು. ಒಮ್ಮೆ ನನ್ನ ಬಲಗಾಲು ಕ್ಯಾಶಿಯರನ ಎಡಬೂಟಿನೊಳಗೆ ಹೋಗಿ, ಇಬ್ಬರೂ ಎದ್ದು ನಿಲ್ಲಲಾಗದೆ ಕೂತಲ್ಲಿಂದಲೇ ನಮಸ್ಕಾರ ಮಾಡಿದೆವು.

ಕಾಲುಚೀಲದ ಕಥೆ ಇನ್ನೂ ಬೇರೆ. ಹೊರಗಿನ ಮಾನವನ್ನು ಬೂಟು ಕಾಯುತ್ತದೆ, ಒಳಗಿನ ತೂತು ಯಾರಿಗೂ ಗೊತ್ತಾಗುವುದಿಲ್ಲ, ಬಿಚ್ಚಿಸುವ ಜಾಗಕ್ಕೆ ಹೋಗುವ ತನಕ. ಮುಗಳಖೋಡದ ಮಠಕ್ಕೆ ಹೋದಾಗ ನಮ್ಮಲ್ಲೊಬ್ಬನ ಹೆಬ್ಬೆರಳು ಹೊರಗೆ ಬಂದು ಎಲ್ಲರಿಗೂ ದರ್ಶನ ಕೊಟ್ಟಿತು. ಆತ ನಾಚಿ ನೀರಾದ. ನಾನು ಸಮಾಧಾನ ಹೇಳಿದೆ: 2007ರಲ್ಲಿ ವಿಶ್ವ ಬ್ಯಾಂಕಿನ ಅಧ್ಯಕ್ಷ ಪಾಲ್ ವುಲ್ಫೊವಿಟ್ಜ್ ತುರ್ಕಿಯ ಎಡಿರ್ನೆಯ ಮಸೀದಿಯೊಂದರಲ್ಲಿ ಬೂಟು ಬಿಚ್ಚಿದಾಗ ಎರಡೂ ಕಾಲುಚೀಲಗಳಿಂದ ಹೆಬ್ಬೆರಳು ಇಣುಕಿದ್ದವು, ಆ ಫೋಟೋ ಲೋಕವೆಲ್ಲ ಸುತ್ತಿತು. ಜಗತ್ತಿಗೇ ಸಾಲ ಕೊಡುವವನ ಕಾಲುಚೀಲ ಹಾಗಿದ್ದರೆ, ಹಾರೂಗೇರಿಯಲ್ಲಿ ಸಾಲ ಕೊಡುವ ನಮ್ಮದೇನು ದೊಡ್ಡದು?

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೂಟಿನ ಮೇಲಲ್ಲ, ಸುತ್ತೋಲೆಯಲ್ಲಿ ‘ಚಪ್ಪಲಿ’ ಎಂಬ ಶಬ್ದ ‘ಬರಿಗಾಲು’ ಎಂಬುದರ ಪಕ್ಕದಲ್ಲಿ ಕೂತ ರೀತಿಯ ಮೇಲೆ. ಹೊಳಿ ದಾಟಿದರೆ ಅಥಣಿ. ಅಲ್ಲಿ ಮನೆಮನೆಯಲ್ಲಿ ಚಪ್ಪಲಿ ಮಾಡುತ್ತಾರೆ, ಇತ್ತ ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಯ ಕಡೆಗೂ ಆ ಕಸುಬಿನವರಿದ್ದಾರೆ. ಜಾಲಿಯ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದ ಮಾಡಿದ ತೊಗಲು. ಅಟ್ಟೆಗೆ ಎಮ್ಮೆಯದು, ಮೇಲಿನ ಪಟ್ಟಿಗೆ ಆಡಿನದು. ಒಂದು ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಗಂಡಸರು ಕೊಯ್ದು ಬಡಿದರೆ ಹೆಂಗಸರು ಹೆಣಿಗೆ ಹೆಣೆಯುತ್ತಾರೆ. ಹೊಸದರಲ್ಲಿ ಕಚ್ಚುತ್ತದೆ, ನಿಜ. ಔಡಲೆಣ್ಣೆ ಕುಡಿಸಿ ನಾಲ್ಕು ದಿನ ಪಳಗಿಸಿದರೆ ಆಮೇಲೆ ಅದು ನಿಮ್ಮ ಕಾಲಿನ ಅಚ್ಚು. ಇನ್ನೊಬ್ಬನ ಕಾಲಿಗೆ ಕೂರುವುದಿಲ್ಲ. ನೀರಿಗೆ ಮಾತ್ರ ಆಗದು. ಮಳೆ ಬಂದರೆ ನಮ್ಮ ಕಡೆಯ ಗೌಡರು ತಾವು ತೊಯ್ದು ಚಪ್ಪಲಿಯನ್ನು ಬಗಲಲ್ಲಿ ಇಟ್ಟುಕೊಂಡು ಓಡುತ್ತಾರೆ.

ಅಥಣಿಯಲ್ಲಿ ಹುಟ್ಟಿದರೂ ಅದರ ಹೆಸರು ಕೊಲ್ಹಾಪುರಿ, ಪೇಟೆ ಅಲ್ಲಿತ್ತು ಎಂಬ ಕಾರಣಕ್ಕೆ. ಗಡಿಯಾಚೆಯವರು ವಹಾಣ ಎನ್ನುತ್ತಾರೆ, ಪಾಯತಾಣ ಎನ್ನುತ್ತಾರೆ; ಈಚೆಯವರು ಕೆರ, ಕಾಲ್ಮರಿ, ಜೋಡು ಎನ್ನುತ್ತೇವೆ. ಗಡಿಯ ವಿಷಯದಲ್ಲಿ ಏನೇ ಜಗಳವಿರಲಿ, 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಎಂಬ ನಮ್ಮ 4 ಜಿಲ್ಲೆಗಳೂ ಸೇರಿದವು. ಎರಡು ರಾಜ್ಯಗಳು ಜಗಳವಿಲ್ಲದೆ ಹಂಚಿಕೊಂಡ ವಸ್ತು ಇದೊಂದೇ ಇರಬೇಕು. ಒಂದೊಂದು ಕಾಲು ಒಬ್ಬೊಬ್ಬರಿಗೆ ಬಂದ ಹಾಗೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಗಂಡಸರ ಉಡುಪು ತೋರಿಸುವಾಗ ಅವರ ಕಾಲಿಗೆ ಇದೇ ನಮೂನೆಯ ಚಪ್ಪಲಿ ಹಾಕಿಸಿತು, ಎಲ್ಲಿಯದು ಎಂದು ಹೇಳಲಿಲ್ಲ. ಗದ್ದಲವಾಯಿತು, ಕಂಪನಿ ಒಪ್ಪಿಕೊಂಡಿತು. ಡಿಸೆಂಬರ್ ಹೊತ್ತಿಗೆ ಚರ್ಮೋದ್ಯಮ ನಿಗಮಗಳಾದ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕುಶಲಕರ್ಮಿಗಳಿಂದ 2000 ಜೋಡಿ ಮಾಡಿಸುವುದಾಗಿ, ಜೋಡಿಗೆ ಸುಮಾರು 800 ಯೂರೋ ಎಂದು ಸುದ್ದಿ ಬಂತು. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರದ ಮೇಲೆ. ಪೇಪರು ಓದಿ ನನ್ನ ಹೆಂಡತಿ, ಪಡಸಾಲೆಯ ಮೂಲೆಯಲ್ಲಿದ್ದ ನನ್ನ ಹಳೆಯ ಜೋಡನ್ನು ಎತ್ತಿ ಟ್ರೆಜರಿಯಲ್ಲಿ ಇಡಲೇ ಎಂದು ಕೇಳಿದಳು. ಯಾವ ವಸ್ತುವನ್ನು ನಮ್ಮ ಸುತ್ತೋಲೆ ಕಚೇರಿಯ ಘನತೆಗೆ ತಕ್ಕುದಲ್ಲ ಎಂದು ಹೊರಗೆ ಹಾಕಿತ್ತೋ ಅದನ್ನು ಹಾಕಿಕೊಂಡು ಮಿಲಾನಿನ ವೇದಿಕೆಯ ಮೇಲೆ ಗಂಡಸರು ಸೂಟಿನೊಂದಿಗೆ ನಡೆದರು.

ಕಾಲನ್ನು ನೋಡಿ ಮನುಷ್ಯನನ್ನು ಒಳಗೆ ಬಿಡುವ ಚಾಳಿ ಹಳೆಯದು. ಗವರ್ನರ್ ಜನರಲ್ ಡಾಲ್‌ಹೌಸಿಯ ಸರ್ಕಾರ 1854ರಲ್ಲಿ ಹೊರಡಿಸಿದ ಆದೇಶದ ಸಾರ ಇಷ್ಟು: ಯುರೋಪಿಯನ್ ಬೂಟು ಹಾಕಿದ ದೇಶೀಯರು ಸರ್ಕಾರಿ ಸಂದರ್ಭಗಳಿಗೆ ಬೂಟಿನೊಂದಿಗೇ ಬರಬಹುದು, ದೇಶೀ ಜೋಡು ಹಾಕಿದವರು ಬಿಚ್ಚಿ ಬರಬೇಕು. ಕಾಲು ಅದೇ, ಮುಚ್ಚುವ ತೊಗಲೂ ಹೆಚ್ಚು ಕಡಿಮೆ ಅದೇ, ಹೊಲಿಗೆ ಮಾತ್ರ ಬೇರೆ. ಅದೇ ಲೆಕ್ಕದಲ್ಲಿ 1874ರಲ್ಲಿ ಕಲ್ಕತ್ತೆಯ ಮ್ಯೂಜಿಯಮ್ಮಿನ ಬಾಗಿಲಲ್ಲಿ ಈಶ್ವರಚಂದ್ರ ವಿದ್ಯಾಸಾಗರರನ್ನು ತಡೆದರು. ಕಾಲಲ್ಲಿ ಚಪ್ಪಲಿ ಇತ್ತು. ಜೊತೆಗಿದ್ದ ಇಂಗ್ಲಿಷ್ ಬೂಟಿನವರಿಗೆ ದಾರಿ ಬಿಟ್ಟರು. ಬಿಚ್ಚಿ ಕೈಯಲ್ಲಿ ಹಿಡಿದು ಬನ್ನಿ ಎಂದದ್ದಕ್ಕೆ ಅವರು ಹಿಂದಿರುಗಿದರು. ಬಂದು ಸುಮ್ಮನೆ ಕೂರದೆ ಟ್ರಸ್ಟಿಗಳಿಗೆ ಪತ್ರ ಬರೆದರು. ನಮ್ಮ ಮ್ಯಾನೇಜರರಿಗೆ ನಾನೂ ಒಂದು ಪತ್ರ ಬರೆದಿದ್ದೆ, ಕಳಿಸಲಿಲ್ಲ. ಪೆನ್ಶನ್ ಕಾಗದ ಅವರ ಟೇಬಲ್ಲಿನ ಮೇಲಿತ್ತು.

ದೊರೆಗಳ ಮಾತು ಯಾಕೆ, ನಮ್ಮದೇ ಊರುಗಳ ಮಾತು ಹೇಳಬೇಕು. ವಾಡೆಯ ಮುಂದೆ ಹಾಯುವಾಗ ಕೇರಿಯವರು ಕಾಲಿನದನ್ನು ಕೈಗೆ ತೆಗೆದುಕೊಳ್ಳಬೇಕೆಂಬ ನಿಯಮಕ್ಕೆ ಎಲ್ಲೂ ಬೋರ್ಡಿರಲಿಲ್ಲ. ಊರಿಗೆಲ್ಲ ಮೆಟ್ಟು ಹೊಲಿದವನೇ ಊರೊಳಗೆ ಮೆಟ್ಟು ಮೆಟ್ಟುವಂತಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಶರಣು ಎಂದಾಗ ಬಸವಣ್ಣನವರು ಶರಣು ಶರಣಾರ್ಥಿ ಎಂದರಂತೆ. ಒಂದು ಶರಣು ಹೆಚ್ಚಾಯಿತಲ್ಲ, ಈ ಭಾರ ಹೇಗೆ ಇಳಿಸಲಿ ಎಂದು ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಒಯ್ದರು, ಬಸವಣ್ಣ ಅವನ್ನು ಕಾಲಿಗೆ ಹಾಕದೆ ತಲೆಯ ಮೇಲೆ ಹೊತ್ತರು ಎಂದು ಕಥೆ. ನಮ್ಮ ಭಾಗದ ಪ್ರತಿ ಮಠದ ಪುರಾಣದಲ್ಲೂ ಇದನ್ನು ಹೇಳುತ್ತಾರೆ, ಕೇಳಿದವರು ಕಣ್ಣು ಒರೆಸಿಕೊಳ್ಳುತ್ತಾರೆ. ಕಣ್ಣೊರೆಸಿಕೊಂಡು ಹೊರಗೆ ಬಂದು, ತಮ್ಮ ಚಪ್ಪಲಿ ಹೊಲಿದವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸಿದವರನ್ನೂ ನಾನು ಕಂಡಿದ್ದೇನೆ.

ಹೀಗಾಗಿ ಈಚೆಗೆ ಅಮೆರಿಕದ ಕೆಲವು ಹೊಸ ಕಂಪನಿಗಳಲ್ಲಿ ಬೂಟು ಬಾಗಿಲಲ್ಲೇ ಬಿಚ್ಚಿ ಬರಿಗಾಲಲ್ಲಿ, ಕಾಲುಚೀಲದಲ್ಲಿ ಕೆಲಸ ಮಾಡುವುದು ಹೊಸ ಹುರುಪು ಎಂದು ಮಗ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದಾಗ ನಗು ಬಂತು. ಅಲ್ಲಿ ಬೂಟು ಬಿಚ್ಚುವವನು ಮನೆಯಲ್ಲಿದ್ದಷ್ಟು ಸಲೀಸಾಗಿದ್ದೇನೆ ಎಂದು ತೋರಿಸುತ್ತಾನೆ. ಇಲ್ಲಿ ಬಿಚ್ಚುವವನು, ಇದು ನಿಮ್ಮ ಮನೆ ಸಾಹೇಬರೇ, ನನ್ನದಲ್ಲ ಎನ್ನುತ್ತಾನೆ. ನಮ್ಮ ತಾಲ್ಲೂಕಿನ ಯಾವುದೇ ಕಚೇರಿಗೆ ಹೋಗಿ ನೋಡಿ. ಬೋರ್ಡು ಇರುವುದಿಲ್ಲ, ಒಳಗೆ ಗುಟ್ಕಾ ಉಗುಳಿದ ಮೂಲೆ ಇರುತ್ತದೆ. ಆದರೂ ರುಮಾಲಿನ ಮುದುಕರು, ಇಳಕಲ್ಲ ಸೀರೆಯ ಮುದುಕಿಯರು ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಾರೆ. ಹೊಲದ ಒಂದು ಉತಾರಿಗಾಗಿ ಅಡ್ಡಾಡಿ ಅಡ್ಡಾಡಿ ಸವೆದದ್ದು ಅದೇ ಚಪ್ಪಲಿ. ಸವೆಸಿದ ಕಚೇರಿಯೊಳಗೆ ಅದಕ್ಕೆ ಪ್ರವೇಶವಿಲ್ಲ.

ಎಲ್ಲ ಬರಿಗಾಲೂ ಹೀಗೆ ಬಾಗಿದ್ದಲ್ಲ, ಅದೂ ನಿಜ. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಅಂಕೋಲೆಯ ತುಳಸಿ ಗೌಡರು ಹಾಲಕ್ಕಿಯ ಸೀರೆಯುಟ್ಟು ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ತೆಗೆದುಕೊಂಡರು. ಕಿತ್ತಳೆ ಮಾರಿ ಊರಿಗೆ ಶಾಲೆ ಕಟ್ಟಿದ ಹರೇಕಳ ಹಾಜಬ್ಬನವರೂ ಬರಿಗಾಲಿನಲ್ಲೇ ನಡೆದರು. ಟೀವಿಯ ಮುಂದೆ ಕೂತು ನಾನು ನೋಡಿದ್ದು ಅವರ ಕಾಲನ್ನೇ. ಯಾರೂ ಬಿಚ್ಚಿಸಿದ ಕಾಲಲ್ಲ, ಯಾರ ಎದುರೂ ಬಿಚ್ಚಿದ ಕಾಲೂ ಅಲ್ಲ. ದಿನವೂ ಹೇಗೆ ನಡೆಯುತ್ತಿದ್ದವೋ ಹಾಗೇ ಅಲ್ಲಿಯೂ ನಡೆದವು. ಸಭೆಯಲ್ಲಿ ಬೂಟು ಹಾಕಿ ಕೂತವರೇ ಏನನ್ನೋ ಮರೆತು ಬಂದವರಂತೆ ಕಂಡರು.

ನಿಯಮ ಬೇಡವೆಂದಲ್ಲ. ಕಂಬ ಹತ್ತುವ ಲೈನ್‌ಮನ್ನನಿಗೆ, ಗಟಾರಕ್ಕೆ ಇಳಿಯುವ ಪೌರಕಾರ್ಮಿಕನಿಗೆ, ಕಾರ್ಖಾನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಪಕ್ಕ ನಿಲ್ಲುವವನಿಗೆ ಕಾಲಿನ ನಿಯಮ ಜೀವದ ನಿಯಮ. ಆ ಬೂಟು ಕೊಟ್ಟಿದ್ದಾರೆಯೇ, ಅದು ಅವನ ಅಳತೆಯದೇ ಎಂದು ನೋಡಲು ಮಾತ್ರ ಯಾರೂ ಬಗ್ಗುವುದಿಲ್ಲ. ನಮ್ಮಂಥ ಪೆನ್ನು ಹಿಡಿದವರ ಕಾಲಿನ ಮೇಲೆಯೇ ಎಲ್ಲರಿಗೂ ಕಣ್ಣು. ನನ್ನ ತಮ್ಮನ ಮಗಳು ಸರ್ಕಾರಿ ನೌಕರಿಗೆಂದು ಕೆಇಎ ಪರೀಕ್ಷೆಗೆ ಹೊರಟಾಗ, ನೌಕರಿಯವರ ಹಾಗೆ ಕಾಣಲಿ ಎಂದು ಅವರಪ್ಪ ಹೊಸ ಬೂಟು ತಂದ. ಪ್ರವೇಶ ಪತ್ರ ಓದಿದರೆ ಬೂಟು ಕೂಡದು, ತೆಳು ಅಟ್ಟೆಯ ಚಪ್ಪಲಿಯೇ ಆಗಬೇಕು. ಬೂಟಿನೊಳಗೆ ಬ್ಲೂಟೂತ್ ಅಡಗಿಸಿಯಾರೆಂಬ ಭಯ. ನೌಕರಿ ಸಿಗುವ ತನಕ ಚಪ್ಪಲಿ ಕಡ್ಡಾಯ, ಸಿಕ್ಕ ಮೇಲೆ ಬೂಟು ಕಡ್ಡಾಯ. ಅವಳು ಬೂಟನ್ನು ಡಬ್ಬಿಯಲ್ಲೇ ಇಟ್ಟಿದ್ದಾಳೆ.

ನಿವೃತ್ತನಾದ ಮೇಲೆ ಮೊನ್ನೆ ಮುಂಗಾರಿನಲ್ಲಿ ಠೇವಣಿ ರಸೀದಿ ಬದಲಿಸಲು ಸಂಘಕ್ಕೆ ಹೋದೆ. ಬಾಗಿಲು ದಾಟಿ ಕೌಂಟರಿನ ತನಕ ಹೋದ ಮೇಲೆ ಟೈಲ್ಸು ತಣ್ಣಗೆ ಹತ್ತಿತು. ನೋಡಿದರೆ ಬರಿಗಾಲು. ನನ್ನ ಚಪ್ಪಲಿ ನನಗೆ ಹೇಳದೆಯೇ ಹೊರಗೆ ನಿಂತಿತ್ತು. ಹೊಸ ಹುಡುಗ, “ಕಾಕಾ, ಹಾಕ್ಕೊಂಡ ಬರ್ರಿ, ಈಗ ನಡೀತೈತಿ” ಎಂದ. ಅಷ್ಟು ವರ್ಷ ಆ ಕಡೆ ಕೂತವನು ಈ ಕಡೆ ನಿಂತ ಕೂಡಲೇ ಕಾಲು ತಾನಾಗಿ ಸಣ್ಣದಾಯಿತಲ್ಲ ಎಂದು ನಾಚಿಕೆಯಾಯಿತು. ಪಕ್ಕದ ಬೆಂಚಿನ ಮೇಲೆ ರುಮಾಲಿನ ಮುದುಕರೊಬ್ಬರು ಕೆಸರು ಒಣಗಿದ ಬರಿಗಾಲು ಮಡಚಿ ಕೂತಿದ್ದರು. ನಾನೇ ಮೊದಲು ನಿಯಮ ಬದಲಿಸಿದವನಂತೆ ಅವರ ಕಡೆ ಬಗ್ಗಿ, “ಯಜಮಾನ್ರ, ಇಲ್ಲಿ ಚಪ್ಪಲಿ ಬಿಡೂದು ಬ್ಯಾಡಂತ್ರಿ. ಹಾಕ್ಕೊಂಡ ಬರ್ರಿ, ಯಾರೂ ಏನೂ ಅನ್ನಂಗಿಲ್ಲ” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅವು ಇಲ್ಲಿ ಎಲ್ಲಿ ಅದಾವು? ಯೂರಿಯಾ ಬರತೈತಂತ, ಗೊಬ್ಬರದ ಅಂಗಡಿ ಮುಂದ ಪಾಳೇದಾಗ ನಿಲ್ಲಿಸಿ ಬಂದೇನಿ. ಎಂಟನೇ ನಂಬರ ಐತಿ. ನಿಮ್ಮ ಹುಡುಗಗ ಲಗೂ ರೊಕ್ಕಾ ಕೊಡ ಅನ್ರಿ.”